ಹನ್ನೆರಡು ಪುಟ್ಟಿಗಳನ್ನು ತುಂಬಿದವರು ಯಾರು?

ಧ್ಯಾನಕ್ಕೆ: ಯೋಹಾನನ ಸುವಾರ್ತೆ ೬ನೆಯ ಅಧ್ಯಾಯ, ೧ರಿಂದ ೧೩ರ ವರೆಗೆ



ಐದು ಜವೆಗೋದಿಯ ರೊಟ್ಟಿಗಳಿಂದಲೂ ಎರಡು ಮೀನುಗಳಿಂದಲೂ ನಮ್ಮ ಕರ್ತನು ಸುಮಾರು ೫೦೦೦ ಗಂಡಸರನ್ನು ತೃಪ್ತಿಪಡಿಸಿದ ಸಂಗತಿಯು ಭಾನುವಾರದ ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿದೆ. ಆದರೆ ಊಟವು ಮುಗಿದ ಮೇಲೆ ನಡೆದದ್ದನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಜನರು ಹೊಟ್ಟೆತುಂಬ ಉಂಡ ಬಳಿಕ, ಮಿಕ್ಕದ್ದು ಹಾಳಾಗದ ಹಾಗೆ ಎಲ್ಲವನ್ನೂ ಆರಿಸಿಡಬೇಕೆಂದು ಆತನು ಅಪ್ಪಣೆಕೊಟ್ಟನು. ಬೇಕಾದಷ್ಟು ರೊಟ್ಟಿಯನ್ನು ಹೆಚ್ಚಿಸಲು ಶಕ್ತನಾದಾತನಿಗೆ ಹುಲ್ಲಿನ ಮೇಲೆ ಬಿದ್ದ ತುಂಡುಗಳ ಚಿಂತೆ ಯಾಕೆ? ದೇವರು ಕೊಟ್ಟದ್ದನ್ನು ಅಸಡ್ಡೆಯಿಂದ ಬಿಸಾಡುವದು ಕೊಟ್ಟಾತನಿಗೇ ಅವಮಾನವೆಂದು ಆತನು ಹೀಗೆ ಕಲಿಸಿದನು. ಹನ್ನೆರಡು ಪುಟ್ಟಿಗಳು ತುಂಬಿದವು. ಅವುಗಳನ್ನು ತುಂಬಿದವರು ಯಾರು? ಅದಕ್ಕಾಗಿ ಯಾವ ಕೂಲಿಯವನೂ ಕರೆಸಲ್ಪಡಲಿಲ್ಲ. ಶಿಷ್ಯರೇ ಬೊಗ್ಗಿ ಆರಿಸಿದರು.

ಮೊದಲು ನಮ್ಮ ಹಳ್ಳಿಗಳಲ್ಲಿ ಮನೆಯ ಕಸವು ತಿಪ್ಪೆಯನ್ನು ಸೇರಿ, ಗೊಬ್ಬರವಾಗಿ ಹೊಲಕ್ಕೆ ಹಿಂದಿರುಗುತ್ತಿತ್ತು. ಈಗ ಅದೇ ತಿಪ್ಪೆಗೆ ಹಾಲಿನ ಪೊಟ್ಟಣ, ಗುಟ್ಕಾ ಚೀಟಿ, ಶಾಂಪೂ ಚೀಟಿ, ಮುಗಿದುಹೋದ ಸೆಲ್ಲು, ಕ್ರಿಮಿನಾಶಕದ ಡಬ್ಬಿ ಮೊದಲಾದವು ಬೀಳುತ್ತವೆ. ಇವು ಮಣ್ಣಿನಲ್ಲಿ ಮಣ್ಣಾಗವು. ಅನ್ನದ ವಾಸನೆಗೆ ದನವು ಪ್ಲಾಸ್ಟಿಕ್ ಚೀಲವನ್ನೇ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಗಂಟುಕಟ್ಟಿ ಆ ಮೂಕಪ್ರಾಣಿಯನ್ನು ಕೊಲ್ಲುತ್ತದೆ. ಸುಟ್ಟರೆ ಪೀಡೆ ತೊಲಗುವದೆಂದು ಕೆಲವರು ಎಣಿಸುತ್ತಾರೆ. ಆದರೆ ಆ ಹೊಗೆಯಲ್ಲಿ ವಿಷವಿದೆ. ಪಿ.ವಿ.ಸಿ. ಕೊಳವೆಯಂಥ ವಸ್ತುಗಳು ಸುಡುವಾಗ ಡಯಾಕ್ಸಿನ್ ಎಂಬ ಘೋರ ವಿಷವು ಹುಟ್ಟುತ್ತದೆ. ಅದು ಮೇವಿನ ಮೇಲೆ ಕೂತು, ದನವನ್ನು ಸೇರಿ, ಹಾಲಿನ ಮೂಲಕ ನಮ್ಮ ಮಕ್ಕಳ ದೇಹಕ್ಕೂ ಬರಬಹುದು. ಬೆಳೆಹಬ್ಬದ ಮಾರನೆಯ ದಿನ ದೇವಾಲಯದ ಹಿತ್ತಲಿನಲ್ಲಿ ಲೋಟ ತಟ್ಟೆಗಳನ್ನು ರಾಶಿಹಾಕಿ ಸುಡುವ ಸಭೆಯು, ನಿನ್ನೆ ಯಾವ ಭೂಮಿಯ ಫಲವನ್ನು ಕಾಣಿಕೆಯಾಗಿ ತಂದಿತೋ ಅದೇ ಭೂಮಿಗೆ ಇಂದು ವಿಷವನ್ನು ಉಣಿಸುತ್ತದೆ. ಆದಿಪುರುಷನನ್ನು ದೇವರು ತೋಟದಲ್ಲಿಟ್ಟದ್ದು ಅದನ್ನು ಬೇಸಾಯಮಾಡುವದಕ್ಕೆ ಮಾತ್ರವಲ್ಲ, ಕಾಯುವದಕ್ಕೂ ಎಂಬದನ್ನು ಆದಿಕಾಂಡ ೨:೧೫ರಲ್ಲಿ ಓದುತ್ತೇವೆ.

ಇಲ್ಲಿ ಒಂದು ಆಕ್ಷೇಪಣೆಯು ಕೇಳಬರುತ್ತದೆ. ಅದನ್ನು ಹಗುರವಾಗಿ ಎಣಿಸಬಾರದು. “ಹುಟ್ಟಿನ ನೆವದಿಂದ ನಮ್ಮ ಹಿರಿಯರನ್ನು ಊರ ಕಸ ಗುಡಿಸುವದಕ್ಕೂ ಸತ್ತ ದನ ಹೊರುವದಕ್ಕೂ ಹಚ್ಚಿದರು. ಸುವಾರ್ತೆಯೂ ಶಾಲೆಯೂ ನಮ್ಮನ್ನು ಆ ನೊಗದಿಂದ ಬಿಡಿಸಿದವು. ಈಗ ಉಪದೇಶಿಗಳೇ ಬಂದು, ಪುನಃ ಕಸಕ್ಕೆ ಕೈಹಾಕಿರಿ ಅನ್ನುವದೋ?” ಪ್ರಿಯರೇ, ಈ ಮಾತಿನೊಳಗಿನ ನೋವು ಸತ್ಯವಾದದ್ದು. ಆ ನೊಗವನ್ನು ಯಾರೂ ತಿರಿಗಿ ಹೊರಬೇಕಾಗಿಲ್ಲ. ಆದರೆ ಅದರ ಅನ್ಯಾಯವು ಯಾವದರಲ್ಲಿತ್ತು? ಒಬ್ಬರ ಹೊಲಸನ್ನು ಬಲವಂತದಿಂದ ಮತ್ತೊಬ್ಬರ ತಲೆಯ ಮೇಲೆ ಹೊರಿಸಿದ್ದರಲ್ಲಿ ಇತ್ತು. ಇಂದು ನಮ್ಮ ನಾಡಿನ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರು ಗಾಡಿಯೊಡನೆ ಮನೆಮನೆಗೆ ಬಂದು ಕಸವನ್ನು ಕೂಡಿಸಿ ಬೇರ್ಪಡಿಸುತ್ತಾರೆ. ಮುಸುರೆ, ಒಡೆದ ಗಾಜು, ಬ್ಲೇಡು, ಹೊಲಸಾದ ಬಟ್ಟೆ ಇವೆಲ್ಲವನ್ನು ಒಂದೇ ಚೀಲದಲ್ಲಿ ಕಟ್ಟಿಕೊಡುವ ಕ್ರೈಸ್ತ ಮನೆಯು ತನ್ನ ಹಿರಿಯರ ನೊಗವನ್ನು ಆ ಸಹೋದರಿಯ ಹೆಗಲಿಗೆ ದಾಟಿಸುತ್ತದೆ. ಆಕೆಯ ಕೈಯಿಂದ ಸುರಿಯುವ ರಕ್ತಕ್ಕೆ ಲೆಕ್ಕ ಕೇಳುವಾತನಿದ್ದಾನೆ. ತನ್ನ ಕಸವನ್ನು ತಾನೇ ಬೇರ್ಪಡಿಸುವವನು ದಾಸನಾಗುವದಿಲ್ಲ; ನೆರೆಯವಳನ್ನು ದಾಸತ್ವದಿಂದ ತಪ್ಪಿಸುತ್ತಾನೆ. ಶಿಷ್ಯರ ಕಾಲುಗಳನ್ನು ತೊಳೆದ ಕರ್ತನ ಮನೆಯಲ್ಲಿ ಈ ಕೆಲಸವು ಹೀನವಾದದ್ದಲ್ಲ.

ಹೀಗಿರಲಾಗಿ ನಾವು ಮಾಡತಕ್ಕದ್ದೇನು? ಹಸಿ ಕಸವು ಗೊಬ್ಬರದ ಗುಂಡಿಗೆ ಹೋಗಲಿ. ಕಾಗದ, ಗಾಜು, ಕಬ್ಬಿಣ, ಹಾಲಿನ ಪೊಟ್ಟಣಗಳನ್ನು ತೊಳೆದು ಒಣಗಿಸಿ ಬೇರೆ ಚೀಲದಲ್ಲಿಡೋಣ. ಮುಸುರೆ ಹತ್ತಿದ್ದು ಪುನಃ ಉಪಯೋಗಕ್ಕೆ ಬರುವದು ಕಷ್ಟ. ಹಳೆಯ ಅಲ್ಯೂಮಿನಿಯಂ ಪಾತ್ರೆಯನ್ನು ಗುಜರಿಯವನಿಗೆ ಕೊಡೋಣ. ಅದನ್ನು ಕರಗಿಸಿ ಹೊಸದು ಮಾಡಿದರೆ, ಅದಿರಿನಿಂದ ತೆಗೆಯುವದಕ್ಕೆ ಬೇಕಾಗುವ ಶಕ್ತಿಯ ೧೦೦ ಪಾಲಿನಲ್ಲಿ ಸುಮಾರು ೯೫ ಪಾಲು ಉಳಿಯುತ್ತದೆ. ಬ್ಲೇಡನ್ನೂ ಗಾಜಿನ ಚೂರನ್ನೂ ದಪ್ಪ ಕಾಗದದಲ್ಲಿ ಸುತ್ತಿ ಬೇರೆ ಕೊಡೋಣ. ಕ್ರಿಮಿನಾಶಕದ ಡಬ್ಬಿಯಲ್ಲಿ ನೀರನ್ನಾಗಲಿ ಎಣ್ಣೆಯನ್ನಾಗಲಿ ಎಂದಿಗೂ ತುಂಬಬಾರದು. ಕೆರೆಯಲ್ಲಿ ತೊಳೆಯಲೂ ಬಾರದು. ಪ್ರೀತಿಭೋಜನಕ್ಕೆ ಬಾಳೆಎಲೆಯೋ ಮುತ್ತುಗದ ಎಲೆಯೋ ಸ್ಟೀಲಿನ ತಟ್ಟೆಯೋ ಸಾಕು. ಪ್ಲಾಸ್ಟಿಕ್ ಲೋಟ ತಟ್ಟೆಗಳನ್ನು ಕರ್ನಾಟಕ ಸರ್ಕಾರವು ೨೦೧೬ರಲ್ಲಿಯೂ ಭಾರತ ಸರ್ಕಾರವು ೨೦೨೨ನೆಯ ಜುಲೈ ೧ರಿಂದಲೂ ನಿಷೇಧಿಸಿವೆ. ಅಧಿಕಾರಿಗಳಿಗೆ ಅಧೀನರಾಗಿರುವದು ನಮಗೆ ವಿಹಿತವಾಗಿದೆ.

ಆದದರಿಂದ ಪ್ರಿಯರೇ, ಬರುವ ಬೆಳೆಹಬ್ಬದಲ್ಲಿ ಭೋಜನವು ಮುಗಿದ ಮೇಲೆ ಸಭೆಯ ಹಿರಿಯರೇ ಮೊದಲು ಎದ್ದು ಪುಟ್ಟಿಯನ್ನು ಹಿಡಿಯಲಿ. ಅವರನ್ನು ಕಂಡು ಯೌವನಸ್ಥರೂ ಮಕ್ಕಳೂ ಕೈಗೂಡಿಸುವರು. ಹೊಲ, ಕೆರೆ, ದನಕರುಗಳನ್ನು ನಮ್ಮ ವಶಕ್ಕೆ ಒಪ್ಪಿಸಿದ ತಂದೆಯು ನಮ್ಮನ್ನು ನಂಬಿಗಸ್ತರಾದ ಮನೆವಾರ್ತೆಯವರಾಗಿ ಕಾಣುವಂತೆ ಕರ್ತನಾದ ಯೇಸು ಕ್ರಿಸ್ತನ ಕೃಪೆಯು ನಮ್ಮೆಲ್ಲರ ಸಂಗಡ ಇರಲಿ. ಆಮೆನ್.