ನಗರದ ನಕ್ಷೆಯಲ್ಲಿ ನೆರೆಯವರ ಸ್ಥಾನ

ಒಂದು ಊರಿನ ನಡುಪೇಟೆ ಯಾರಿಗೆ ಸೇರಿದ್ದು? ಅಲ್ಲಿ ನಿವೇಶನ, ಅಂಗಡಿ, ಕಟ್ಟಡಗಳನ್ನು ಹೊಂದಿದವರಿಗೆ ಮಾತ್ರವೇ? ಮುಂಜಾನೆ ಬುಟ್ಟಿ ಹೊತ್ತು ಬಂದು ಸಂಜೆಗೆ ಮರಳುವ ಹೂವಾಡಗಿತ್ತಿಗೂ ಅದರಲ್ಲಿ ಪಾಲುಂಟೇ? ಪೇಟೆಯ ಬೆಳವಣಿಗೆಗೆ ಮಹಾಯೋಜನೆ ಸಿದ್ಧವಾಗುವಾಗ ರಸ್ತೆಯ ಅಗಲ, ವಾಹನ ನಿಲುಗಡೆ, ಕಟ್ಟಡಗಳ ಎತ್ತರ ಇವುಗಳ ಲೆಕ್ಕವೇ ಮುಂದೆ ನಿಲ್ಲುತ್ತದೆ. ಈ ನೈತಿಕ ಪ್ರಶ್ನೆ ಹಿಂದೆ ಉಳಿಯುತ್ತದೆ.

ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದುಬಿತ್ತು. ಕಟ್ಟಡವನ್ನು ಕೆಡವಿ ಹೊಸದಾಗಿ ಕಟ್ಟಬೇಕೇ, ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೇ ಎಂಬ ವಾದ ವರ್ಷಗಟ್ಟಲೆ ನಡೆದು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಕೆಲವರು ಜನರ ಪ್ರಾಣವೇ ದೊಡ್ಡದೆಂದರು; ಕೆಲವರು ಪರಂಪರೆ ಉಳಿಯಬೇಕೆಂದರು; ವ್ಯಾಪಾರಿಗಳಿಗೆ ನಾಳಿನ ಅನ್ನದ ಚಿಂತೆ. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಹೀಗೆ ನ್ಯಾಯವಾದ ಬೇಡಿಕೆಗಳೇ ಎದುರುಬದುರಾದಾಗ ತಜ್ಞರ ಜ್ಞಾನವೊಂದೇ ಸಾಲದು. ಬಾಧಿತರೆಲ್ಲರೂ ಒಟ್ಟಿಗೆ ಕುಳಿತು ಮಾತನಾಡಬೇಕಾಗುತ್ತದೆ.

ನಮ್ಮ ಕಾನೂನು ಈ ದಾರಿಯನ್ನು ಮುಚ್ಚಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಪ್ರಕಾರ ಮಹಾಯೋಜನೆಯ ಕರಡಿನ ಬಗ್ಗೆ ಸಾರ್ವಜನಿಕರು ತಮ್ಮ ಅಭಿಪ್ರಾಯವನ್ನು ಸಲ್ಲಿಸಬಹುದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ವಾರ್ಡ್ ಸಮಿತಿಗಳಿಗೆ ಸ್ಥಾನ ಕೊಟ್ಟಿತು. ಬೀದಿ ವ್ಯಾಪಾರಿಗಳಿಗಾಗಿ 2014ರಲ್ಲಿ ಬಂದ ಅಧಿನಿಯಮದಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ಆದರೆ ಪತ್ರಿಕೆಯ ಮೂಲೆಯ ಪ್ರಕಟಣೆಯನ್ನೂ ಕಚೇರಿಯಲ್ಲಿ ತೂಗುಹಾಕಿದ ನಕ್ಷೆಯನ್ನೂ ಓದಿ ಅರ್ಥಮಾಡಿಕೊಳ್ಳುವ ಬಿಡುವು ದಿನಗೂಲಿಯವನಿಗೆಲ್ಲಿದೆ? ಗೆರೆಗಳನ್ನೆಲ್ಲ ಎಳೆದ ಮೇಲೆ ಅಭಿಪ್ರಾಯ ಕೇಳಿದರೆ ಅದು ಕೇಳಿದಂತಾಗುವುದೇ?

ಪವಿತ್ರ ಗ್ರಂಥದಲ್ಲಿ ನೆಹೆಮೀಯನು ಪಾಳುಬಿದ್ದ ಜೆರುಸಲೇಮನ್ನು ಮತ್ತೆ ಕಟ್ಟಿಸಿದ ವೃತ್ತಾಂತವಿದೆ. ಅವನು ಮೊದಲು ರಾತ್ರಿಯಲ್ಲಿ ಕೆಲವರೊಡನೆ ಸುತ್ತಾಡಿ ಗೋಡೆಯ ಸ್ಥಿತಿಯನ್ನು ಕಣ್ಣಾರೆ ಕಂಡ. ಆಮೇಲೆ ಜನರನ್ನು ಕರೆದ. ಯಾಜಕರು, ಅಕ್ಕಸಾಲಿಗರು, ವರ್ತಕರು, ತಂದೆಯೊಡನೆ ಬಂದ ಹೆಣ್ಣುಮಕ್ಕಳು ಸಹ ಗೋಡೆಯ ಒಂದೊಂದು ಭಾಗವನ್ನು ಕಟ್ಟಿದರು. ಹಲವರು ತಮ್ಮ ತಮ್ಮ ಮನೆಯೆದುರಿನ ಭಾಗವನ್ನೇ ವಹಿಸಿಕೊಂಡರು. ಕೆಲಸ 52 ದಿನಗಳಲ್ಲಿ ಮುಗಿಯಿತು. ಇಷ್ಟನ್ನು ನಾವು ಮೆಚ್ಚಿ ಹೇಳುತ್ತೇವೆ. ಆದರೆ ನಡುವೆ ಬರುವ ಐದನೆಯ ಅಧ್ಯಾಯವನ್ನು ಮರೆಯುತ್ತೇವೆ. ಹೊಲಗಳನ್ನು ಒತ್ತೆಯಿಟ್ಟು, ಮಕ್ಕಳನ್ನೇ ದಾಸ್ಯಕ್ಕೆ ಒಪ್ಪಿಸಬೇಕಾದ ಬಡವರು ಆಗ ಗೋಳಿಟ್ಟರು. ಗೋಡೆ ಏಳಲಿ, ಆಮೇಲೆ ನೋಡೋಣ ಎಂದು ನೆಹೆಮೀಯ ಹೇಳಲಿಲ್ಲ. ಸಭೆ ಕರೆದು, ಸಾಲ ಕೊಟ್ಟ ಶ್ರೀಮಂತರನ್ನು ಖಂಡಿಸಿ, ಒತ್ತೆಯ ಹೊಲಗಳನ್ನು ಹಿಂದಿರುಗಿಸಲು ಒಪ್ಪಿಸಿದ. ಗೋಡೆಗಿಂತ ಅದರೊಳಗೆ ಬಾಳುವವರು ದೊಡ್ಡವರೆಂಬುದನ್ನು ಅವನು ಅರಿತಿದ್ದ.

ಹಾಗೆಂದು ಸಮುದಾಯದ ಧ್ವನಿಯೆಲ್ಲ ನ್ಯಾಯದ ಧ್ವನಿಯೆಂದೇನಲ್ಲ. ರಸ್ತೆ ಅಗಲವಾಗಲಿ, ನಮ್ಮ ಕಾಂಪೌಂಡು ಮಾತ್ರ ಉಳಿಯಲಿ ಎನ್ನುತ್ತೇವೆ. ಕಸ ವಿಲೇವಾರಿ ಆಗಲಿ, ಪಕ್ಕದ ವಾರ್ಡಿನಲ್ಲಾಗಲಿ ಎನ್ನುತ್ತೇವೆ. ಕಾಲುದಾರಿಯಲ್ಲಿ ಅಗ್ಗವಾಗಿ ತರಕಾರಿ ಕೊಂಡವರೇ ಆ ವ್ಯಾಪಾರಿಯನ್ನು ತೆರವುಗೊಳಿಸಲು ಮನವಿಗೆ ಸಹಿ ಹಾಕುತ್ತೇವೆ. ನಡೆದಾಡುವವರಿಗೆ ದಾರಿ ಬೇಕೆಂಬುದೂ ನಿಜವೇ. ಆದರೆ ಅದಕ್ಕಾಗಿ ಒಬ್ಬರ ತುತ್ತನ್ನು ಕಸಿಯದೆ ಬೇರೆ ಸ್ಥಳವನ್ನು ಹುಡುಕುವ ಹೊಣೆ ನಮ್ಮೆಲ್ಲರದು. ಆದುದರಿಂದ ಜನರ ಸಹಭಾಗಿತ್ವಕ್ಕೆ ಸಭೆಗಳಷ್ಟೇ ಸಾಲವು, ಮನಪರಿವರ್ತನೆಯೂ ಬೇಕು. 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸರು ನಗರ ಯೋಜನೆಯಲ್ಲಿ ಸ್ಥಳೀಯ ನಿವಾಸಿಗಳ ದೃಷ್ಟಿಕೋನಕ್ಕೆ ಸ್ಥಾನವಿರಬೇಕೆಂದು ಬರೆದಾಗ, ಅದೇ ಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಿರೆಂದದ್ದು ಇದಕ್ಕಾಗಿಯೇ.

ನಮ್ಮ ಅನೇಕ ದೇವಾಲಯಗಳು ಪೇಟೆಯ ನಡುವೆಯೇ ಇವೆ; ಅವುಗಳ ಸಭಾಂಗಣಗಳ ಬಾಗಿಲು ಇಂಥ ಮಾತುಕತೆಗೆ ತೆರೆಯಬಹುದು. ನಮ್ಮ ಊರಿನ ಯೋಜನೆಯ ಕರಡು ಪ್ರಕಟವಾದಾಗ, ಓದುಬರಹ ಬಲ್ಲ ಯುವಜನರು ಅದನ್ನು ಎಲ್ಲ ಮತದವರಿಗೂ ಸರಳ ಕನ್ನಡದಲ್ಲಿ ವಿವರಿಸಲಿ. ನಿವೇಶನವಿಲ್ಲದವರು ಮೊದಲು ಮಾತನಾಡಲಿ, ಉಳ್ಳವರು ಆಲಿಸಲಿ. ಪ್ರವಾದಿ ಜೆಕರ್ಯನು ಕಂಡ ನಗರದ ಬೀದಿಗಳಲ್ಲಿ ಕೋಲು ಹಿಡಿದ ಮುದುಕ ಮುದುಕಿಯರು ಕುಳಿತಿರುತ್ತಾರೆ, ಮಕ್ಕಳು ಆಡುತ್ತಿರುತ್ತಾರೆ. ನಮ್ಮ ಪೇಟೆಯ ನಕ್ಷೆಯಲ್ಲಿ ಅವರಿಗೆ ಎಲ್ಲಿ ಸ್ಥಳವಿದೆಯೆಂದು ಕೇಳುವುದರಿಂದ ನಾವು ಆರಂಭಿಸೋಣ.