ನಾವು ಹೋದ ಮೇಲೆ ಇವನ ಗತಿ?

ವಿಷಯ: ಆಂಧ್ರದ ಹಿಂದೂಪುರ, ಕಲ್ಯಾಣದುರ್ಗದ ಕಡೆಯ ಎಷ್ಟೋ ಮನೆಗಳಿಗೆ ಮಾನಸಿಕ ಕಾಯಿಲೆ ಅಂದರೆ ಬೆಂಗಳೂರಿನ ನಿಮ್ಹಾನ್ಸೇ ದಿಕ್ಕು. ಹಳೆಯ ಚೀಟಿಗಳ ಪ್ಲಾಸ್ಟಿಕ್ ಕವರ್ ಹಿಡಿದು ಬರುವ ತಾಯಿಗೆ ಎಪ್ಪತ್ತು ದಾಟಿರುತ್ತದೆ, ಸ್ಕಿಜೋಫ್ರೇನಿಯಾ ಇರುವ ಮಗನಿಗೆ ನಲವತ್ತು. ಶೇಂಗಾ ಹೊಲದ ಕೂಲಿಗೆ ಹೊರಟರೆ ಅವನನ್ನು ಒಳಗೆ ಬಿಟ್ಟು ಬೀಗ ಹಾಕಬೇಕು. ‘ಎಲ್ಲಾದರೂ ಕಾಯಂ ಆಗಿ ಸೇರಿಸಿಕೊಳ್ಳಿ ಸಾರ್’ ಎಂಬುದೊಂದೇ ಅವಳ ಕೇಳಿಕೆ.

ಸಂಶಯ: ಇದು ಮಗನನ್ನು ಕೈಬಿಡುವ ಮಾತೋ, ಅವನ ಆರೈಕೆಯನ್ನು ತನ್ನ ಕಾಲದಾಚೆಗೂ ಉಳಿಸುವ ಮಾತೋ?

ಪೂರ್ವಪಕ್ಷ ಒಂದು: ರೋಗಿಗೆ ಮನೆಯವರೇ ಮದ್ದು. 1957ರಲ್ಲೇ ಡಾ. ವಿದ್ಯಾಸಾಗರ್ ಅಮೃತಸರದ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ಇರಿಸಿಕೊಂಡರಲ್ಲ?

ಸಮಾಧಾನ: ಇರಿಸಿಕೊಂಡರು, ಆದರೆ ಆ ಡೇರೆಯ ಪಕ್ಕದಲ್ಲಿ ವೈದ್ಯರೂ ಇದ್ದರು. ಊರಲ್ಲೂ ವೈದ್ಯರು ಸಿಗಲೆಂದು ಕಲ್ಯಾಣದುರ್ಗಕ್ಕೆ ಹತ್ತಿರದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟಿತು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇದರಿಂದ ಮಾತ್ರೆ ಊರಿಗೆ ಹತ್ತಿರವಾಗುತ್ತದೆ. ತಾಯಿ ತೀರಿಕೊಂಡ ಮೇಲೆ ಆ ಮಾತ್ರೆ ನುಂಗಿಸುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಪೂರ್ವಪಕ್ಷ ಎರಡು: ಹಾಗಾದರೆ ಆಸ್ಪತ್ರೆಯಲ್ಲೇ ಇರಲಿ.

ಸಮಾಧಾನ: ಆಸ್ಪತ್ರೆ ಇರುವುದು ಚಿಕಿತ್ಸೆಗೆ, ಬಾಳುವೆಗಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತಾನೇ ನಿರ್ಧಾರ ಮಾಡಲಾಗದ ರೋಗಿಯನ್ನು ಮೊದಲು ಗರಿಷ್ಠ 30 ದಿನ ಇರಿಸಿಕೊಳ್ಳಬಹುದು, ಮುಂದುವರಿಸಲು ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ಮನೆಯವರು ಕರೆದೊಯ್ಯಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಅಲ್ಲಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ 19ನೇ ಸೆಕ್ಷನ್.

ಪೂರ್ವಪಕ್ಷ ಮೂರು: ಹೊರಗಿನ ‘ಹೋಮ್’ ಅಂದರೆ ತಮಿಳುನಾಡಿನ ಏರ್ವಾಡಿಯೇ. ಅಲ್ಲಿನ ಹೋಮ್‌ನಲ್ಲಿ 2001ರ ಆಗಸ್ಟ್ 6ರಂದು ಹೊತ್ತಿದ ಬೆಂಕಿಯಲ್ಲಿ ಸರಪಳಿ ಬಿಗಿಸಿಕೊಂಡಿದ್ದವರು ಎದ್ದು ಓಡಲೂ ಆಗದೆ ಸತ್ತರು. ಒಟ್ಟು 28 ಜೀವ ಹೋಯಿತು.

ಸಮಾಧಾನ: ಕೊಂದದ್ದು ಸರಪಳಿ, ಯಾರೂ ಬಂದು ನೋಡದ ಗೋಡೆ. ಈಗ ಸರಪಳಿ ಹಾಕುವುದು ನಿಷಿದ್ಧ, ನೋಂದಣಿ ಕಡ್ಡಾಯ. ಚೆನ್ನೈನ ‘ಬ್ಯಾನಿಯನ್’ ಸಂಸ್ಥೆಯಲ್ಲಿ ನಾಲ್ಕೈದು ಮಂದಿ ಸಾಮಾನ್ಯ ಬೀದಿಯ ಮನೆಯೊಂದರಲ್ಲಿ ಒಟ್ಟಿಗಿದ್ದು, ಸಂತೆಗೆ ಹೋಗಿ, ಅಡುಗೆ ಮಾಡಿಕೊಂಡು ಬಾಳುತ್ತಾರೆ. ಏರ್ವಾಡಿಗೆ ಉತ್ತರ ಇಂಥ ಮನೆಗಳೇ.

ಪೂರ್ವಪಕ್ಷ ನಾಲ್ಕು: ಬಡವರಿಗೆ ಖರ್ಚು ಕೊಡುವವರು ಯಾರು?

ಸಮಾಧಾನ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಆಂಧ್ರದಲ್ಲಿ 2024ರಿಂದ ವಿಕಲಚೇತನರ ಪಿಂಚಣಿ ತಿಂಗಳಿಗೆ 6,000 ರೂಪಾಯಿ. ಪೂರ್ತಿ ಖರ್ಚಿಗೆ ಇದು ಸಾಲದು. ಉಳಿದದ್ದು ಸರ್ಕಾರದ ಹೊಣೆ, ಏಕೆಂದರೆ ಇಂಥ ಗುಂಪುಮನೆಗಳನ್ನು ಒದಗಿಸಬೇಕೆಂದು 2017ರ ಕಾಯ್ದೆಯ ಅದೇ 19ನೇ ಸೆಕ್ಷನ್ ಹೇಳಿದೆ.

ಸಿದ್ಧಾಂತ: ದೀರ್ಘಕಾಲದ ವಸತಿ ಕೇಳುವುದು ಕೈಬಿಡುವುದಲ್ಲ, ಸೇರಿಸಿದ ಮೇಲೆ ತಿರುಗಿ ನೋಡದಿರುವುದು ಕೈಬಿಡುವುದು. ಹಾಗಾಗಿ ಸೇರಿಸುವ ಮೊದಲು ನೋಂದಣಿ ಪತ್ರ ನೋಡಿ. ವೈದ್ಯರು ಬರುವ ದಿನ ಕೇಳಿ. ಹಬ್ಬಕ್ಕೆ ಮನೆಗೆ ಕಳಿಸುತ್ತಾರೆಯೇ ಎಂದು ವಿಚಾರಿಸಿ. ಹೇಳದೆ ಒಂದು ದಿನ ಹೋಗಿ ಬನ್ನಿ. ಒಳಗೆ ಬಿಡದ ಜಾಗಕ್ಕೆ ನಿಮ್ಮವರನ್ನು ಬಿಡಬೇಡಿ. ಇನ್ನು ಸರ್ಕಾರ ಮಾಡಬೇಕಾದದ್ದು: ಹಿಂದೂಪುರದಲ್ಲೊಂದು, ಕಲ್ಯಾಣದುರ್ಗದಲ್ಲೊಂದು, ತೆಲುಗು ಕನ್ನಡ ಎರಡೂ ಬಲ್ಲ ಸಿಬ್ಬಂದಿಯಿರುವ ಗುಂಪುಮನೆ ತೆರೆಯಲಿ.