ಹಸಿವಿನ ಭಾರ

ದಪ್ಪಗಿರುವವರನ್ನು ಕಂಡರೆ ‘ಬಾಯಿ ಕಟ್ಟಿದರೆ ತಾನೇ ಇಳಿಯುತ್ತದೆ’ ಎನ್ನುತ್ತೇವೆ. ಕಟ್ಟುಮಸ್ತಾದ ಮೈಯವರನ್ನು ಕಂಡರೆ ‘ಎಂಥ ಸಾಧನೆ’ ಎನ್ನುತ್ತೇವೆ. ಎರಡೂ ಮಾತುಗಳ ಹಿಂದಿರುವ ನಂಬಿಕೆ ಒಂದೇ: ಮೈ ನೋಡಿದರೆ ಮನುಷ್ಯನ ಶಿಸ್ತು ತಿಳಿಯುತ್ತದೆ. ಈ ನಂಬಿಕೆ ಎಷ್ಟು ನ್ಯಾಯದ್ದು?

ಕೆನಡಾದ ಕ್ವಿಬೆಕ್‌ನಲ್ಲಿ ಕ್ಲಾಡ್ ಬುಶಾರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 1990ರಲ್ಲಿ ಪ್ರಕಟವಾಯಿತು. 12 ಜೋಡಿ ತದ್ರೂಪಿ ಅವಳಿ ಯುವಕರಿಗೆ ಒಟ್ಟು 84 ದಿನ, ದಿನಕ್ಕೆ 1,000 ಕ್ಯಾಲೊರಿಯಷ್ಟು ಹೆಚ್ಚುವರಿ ಊಟ ಕೊಟ್ಟರು. ಹೆಚ್ಚಿಗೆ ತಿಂದದ್ದು ಎಲ್ಲರೂ ಅಷ್ಟೇ. ಆದರೆ ಒಬ್ಬನ ತೂಕ ಏರಿದ್ದು 4 ಕಿಲೋ ಚಿಲ್ಲರೆ, ಇನ್ನೊಬ್ಬನದು 13 ಕಿಲೋಗೂ ಹೆಚ್ಚು. ಒಂದೇ ಜೋಡಿಯ ಅವಳಿಗಳ ನಡುವೆ ಮಾತ್ರ ವ್ಯತ್ಯಾಸ ಕಡಿಮೆಯಿತ್ತು.

ಅಲ್ಲಿ ಊಟವನ್ನು ಬೇರೆಯವರು ಅಳೆದು ಬಡಿಸಿದ್ದರು. ನಿತ್ಯದ ಬದುಕಿನಲ್ಲಿ ಎಷ್ಟು ತಿನ್ನಬೇಕೆಂಬುದು ನಮ್ಮ ಕೈಯಲ್ಲೇ ಇದೆಯಲ್ಲ ಎನ್ನಬಹುದು. ಆದರೆ ಹಸಿವು ನಮ್ಮ ಕೈಯಲ್ಲಿದೆಯೇ? ಕೊಬ್ಬಿನ ಜೀವಕೋಶಗಳು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ‘ದಾಸ್ತಾನಿದೆ, ಸಾಕು’ ಎಂದು ಮಿದುಳಿಗೆ ತಿಳಿಸುತ್ತವೆ. ಇದನ್ನು ಕಂಡುಕೊಂಡದ್ದು 1994ರಲ್ಲಿ. ಜೀನ್ ದೋಷದಿಂದ ಲೆಪ್ಟಿನ್ ಇಲ್ಲದೆ ಹುಟ್ಟುವ ಮಕ್ಕಳು ತೀರ ಅಪರೂಪ. ಅಂಥ ಒಂಬತ್ತು ವರ್ಷದ ಹುಡುಗಿಯೊಬ್ಬಳ ತೂಕ 94 ಕಿಲೋ ಇತ್ತು. ಕೇಂಬ್ರಿಜ್‌ನ ಸದಫ್ ಫಾರೂಕಿ, ಸ್ಟೀಫನ್ ಓರಾಹಿಲಿ ಅವರ ತಂಡ ಲೆಪ್ಟಿನ್ ಚುಚ್ಚುಮದ್ದು ಕೊಟ್ಟ ಮೇಲೆ ಅವಳ ಊಟ ಹತೋಟಿಗೆ ಬಂತು. ಒಂದು ವರ್ಷದಲ್ಲಿ 16 ಕಿಲೋ ಇಳಿಯಿತು. ಅವಳಲ್ಲಿ ಕೊರತೆಯಿದ್ದದ್ದು ಶಿಸ್ತಿಗಲ್ಲ, ಒಂದು ಹಾರ್ಮೋನಿಗೆ.

ಸ್ನಾಯುವಿನ ಕತೆಯೂ ಹೀಗೆಯೇ. ಮಯೋಸ್ಟಾಟಿನ್ ಎಂಬ ಪ್ರೋಟೀನು ಸ್ನಾಯು ಅತಿಯಾಗಿ ಬೆಳೆಯದಂತೆ ತಡೆಯುತ್ತದೆ. ಅದರ ಜೀನ್ ಕೆಲಸ ಮಾಡದ ಜರ್ಮನಿಯ ಹುಡುಗನೊಬ್ಬನ ಬಗ್ಗೆ 2004ರಲ್ಲಿ ವರದಿಯಾಯಿತು. ನಾಲ್ಕೂವರೆ ವರ್ಷಕ್ಕೆ ಅವನು ತೋಳು ಚಾಚಿ ಎರಡೂ ಕೈಯಲ್ಲಿ ಮೂರು ಮೂರು ಕಿಲೋ ಡಂಬೆಲ್ ಹಿಡಿದು ನಿಲ್ಲುತ್ತಿದ್ದ. ಅದನ್ನು ಯಾರೂ ಸಾಧನೆ ಎನ್ನಲಾರರು.

ಹಾಗಾದರೆ ಎಲ್ಲವೂ ಹಣೆಬರಹವೇ? ಅಲ್ಲ. ಇವು ಅಪರೂಪದ, ಒಂದೇ ಜೀನಿನ ಪ್ರಕರಣಗಳು. ನಮ್ಮ ನಿಮ್ಮಲ್ಲಿ ನೂರಾರು ಜೀನುಗಳು ಅಷ್ಟಷ್ಟೇ ಪ್ರಭಾವ ಬೀರುತ್ತವೆ. 2007ರಲ್ಲಿ ಗುರುತಿಸಿದ ಎಫ್‌ಟಿಒ ಜೀನಿನ ಒಂದು ರೂಪ ತಂದೆತಾಯಿ ಇಬ್ಬರಿಂದಲೂ ಬಂದಿದ್ದರೆ ತೂಕ ಸರಾಸರಿ 3 ಕಿಲೋ ಹೆಚ್ಚು, ಅಷ್ಟೇ. ಎರಡು ತಲೆಮಾರಿನಲ್ಲಿ ಜೀನುಗಳು ಬದಲಾಗಿಲ್ಲ, ಬೊಜ್ಜು ಮಾತ್ರ ಹೆಚ್ಚಿದೆ. ಅದಕ್ಕೆ ಅಗ್ಗದ ಎಣ್ಣೆ–ಸಕ್ಕರೆ, ಕೂತು ಮಾಡುವ ಕೆಲಸಗಳೂ ಕಾರಣ. ವ್ಯಾಯಾಮದಿಂದ ಪ್ರಯೋಜನವಿದೆ, ಮಿತವಾದ ಊಟದಿಂದಲೂ ಇದೆ.

ಆದರೆ ಪ್ರಯತ್ನವನ್ನು ತೂಗಲು ಅದರ ಎದುರಿಗಿದ್ದ ಭಾರ ಗೊತ್ತಿರಬೇಕು. ಎರಡನೇ ದೋಸೆ ಬೇಡವೆನ್ನುವುದು ಒಬ್ಬರಿಗೆ ಸಲೀಸು, ಇನ್ನೊಬ್ಬರಿಗೆ ದಿನವಿಡೀ ನಡೆಯುವ ಹೋರಾಟ. ಆ ಹೋರಾಟದಲ್ಲಿ ಗೆದ್ದವರೂ ನಮ್ಮ ಕಣ್ಣಿಗೆ ದಪ್ಪವಾಗಿಯೇ ಕಾಣಬಹುದು. ನನ್ನ ಪ್ರಯತ್ನಕ್ಕೆ ನಾನು ಹೊಣೆ ಎನ್ನುವುದನ್ನು ಒಪ್ಪುತ್ತೇನೆ. ಇನ್ನೊಬ್ಬರ ಮೈ ನೋಡಿ ಅವರು ಪ್ರಯತ್ನಪಟ್ಟಿಲ್ಲ ಎಂದು ತೀರ್ಪು ಕೊಡುವ ಹಕ್ಕು ಮಾತ್ರ ನನಗಿಲ್ಲ. ತರಗತಿಯಲ್ಲಿ ‘ಡುಮ್ಮ’ ಎಂದು ಕರೆಸಿಕೊಳ್ಳುವ ಹುಡುಗನಿಗೆ ನಾವು ಕೊಡಬೇಕಾದ ಕನಿಷ್ಠ ನ್ಯಾಯ ಇದು.